ಮೂರು ಕಾಲಿನ ಮೇಲೆ ನಿಂತ ಪೋನಿ: ಗೊರಸಿನ ಕೀವನ್ನು ಗುರುತಿಸಿ ಗುಣಪಡಿಸುವ ಸಮಗ್ರ ಮಾರ್ಗದರ್ಶಿ

ನಮ್ಮ ಟಾಂಗಾ ಎಳೆಯುವ ಪೋನಿ ಗೌರಿ ಮೊದಲ ಬಾರಿ ಕುಂಟಿದ್ದು ಜೂನ್ ತಿಂಗಳ ಒಂದು ಬೆಳಿಗ್ಗೆ. ಹಿಂದಿನ ಸಂಜೆ ಲಾಯಕ್ಕೆ ಚೆನ್ನಾಗಿಯೇ ನಡೆದು ಬಂದಿದ್ದಳು. ಬೆಳಿಗ್ಗೆ ಹುಲ್ಲು ಹಾಕಲು ಹೋದಾಗ ಬಲ ಮುಂಗಾಲಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ, ಉಳಿದ ಮೂರು ಕಾಲುಗಳ ಮೇಲೆ ಭಾರ ಹಾಕಿ ನಿಂತಿದ್ದಳು. ಒಂದು ಹೆಜ್ಜೆ ಇಡಿಸಲು ನೋಡಿದರೆ ಕತ್ತು ಮೇಲಕ್ಕೆತ್ತಿ ಕುಪ್ಪಳಿಸಿದಳು. ಮೂಳೆ ಮುರಿದೇ ಹೋಯಿತೆಂದು ನನ್ನ ಎದೆ ಒಡೆಯಿತು.

ಭುಜ ಉಳುಕಿರಬೇಕೆಂದು ಯಾರೋ ಹೇಳಿದರು. ಎರಡು ದಿನ ಬಿಸಿ ಎಣ್ಣೆ ತಿಕ್ಕಿದೆವು. ಮೂರನೆಯ ದಿನ ಒಬ್ಬರು ಬಂದು ನೋವಿನ ಚುಚ್ಚುಮದ್ದು ಕೊಟ್ಟು ಹೋದರು. ಸ್ವಲ್ಪ ನಡೆದಳು, ಮರುದಿನ ಮತ್ತೆ ಅದೇ ಸ್ಥಿತಿ. ಆರನೆಯ ದಿನ ಗೊರಸಿಗೂ ಕೂದಲಿಗೂ ನಡುವಿನ ಅಂಚು ಬಿರಿದು ಬೂದು ಬಣ್ಣದ ಕೀವು ಸುರಿಯಿತು. ಅಂದು ಸಂಜೆಯೇ ಅವಳು ನಾಲ್ಕೂ ಕಾಲೂರಿ ಹುರುಳಿ ತಿಂದಳು. ಅಷ್ಟು ದಿನ ನಾವು ಭುಜ ತಿಕ್ಕಿದೆವೇ ಹೊರತು ಗೊರಸನ್ನು ಎತ್ತಿ ತೊಳೆದು ನೋಡಿರಲಿಲ್ಲ. ಆ ಐದು ದಿನಗಳ ನೋವು ಬೇರೆ ಯಾವ ಪೋನಿಗೂ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಒಳಗೆ ಏನಾಗಿರುತ್ತದೆ

ನಮ್ಮ ಬೆರಳಿನ ಉಗುರಿನ ಕೆಳಗೆ ಸಣ್ಣ ಮುಳ್ಳು ಸೇರಿ ಕೀವಾದರೆ ರಾತ್ರಿಯಿಡೀ ನಿದ್ದೆ ಬರುವುದಿಲ್ಲ. ಉಗುರು ಹಿಗ್ಗುವುದಿಲ್ಲ, ಕೀವಿಗೆ ಜಾಗವಿಲ್ಲ, ಒತ್ತಡವೆಲ್ಲ ನರಗಳ ಮೇಲೆ ಬೀಳುತ್ತದೆ. ಕುದುರೆಯ ಗೊರಸೂ ಉಗುರಿನ ವಸ್ತುವಿನಿಂದಲೇ ಆದದ್ದು. ವ್ಯತ್ಯಾಸವೆಂದರೆ ಅಂಥ ನಾಲ್ಕೇ ಉಗುರುಗಳ ಮೇಲೆ ಇನ್ನೂರು, ಮುನ್ನೂರು ಕಿಲೋ ತೂಕ ನಿಂತಿರುತ್ತದೆ. ಒಂದು ಚಮಚಕ್ಕಿಂತ ಕಡಿಮೆ ಕೀವು ಇಡೀ ಪ್ರಾಣಿಯನ್ನು ಮೂರು ಕಾಲಿಗೆ ಇಳಿಸುವುದು ಹೀಗೆ.

ರೋಗಾಣುಗಳು ಒಳಸೇರುವ ಮುಖ್ಯ ದಾರಿ ಬಿಳಿ ಗೆರೆ. ಗೊರಸನ್ನು ತಿರುಗಿಸಿ ನೋಡಿದರೆ, ಹೊರಗಿನ ಗಟ್ಟಿ ಗೋಡೆಯೂ ಒಳಗಿನ ಅಂಗಾಲೂ ಸೇರುವ ಕಡೆ ಸುತ್ತಲೂ ಒಂದು ತೆಳು ಗೆರೆ ಕಾಣುತ್ತದೆ. ಅದು ಮೆತ್ತಗಿರುತ್ತದೆ. ಸಣ್ಣ ಹರಳು, ಮರಳು, ಲಾಯದ ಕೊಳೆ ಅಲ್ಲಿ ಸೇರಿಕೊಂಡರೆ ನಡೆದಂತೆಲ್ಲ ಮೇಲಕ್ಕೆ ತಳ್ಳಲ್ಪಡುತ್ತವೆ. ಲಾಳದ ಮೊಳೆ ಒಂದಿಷ್ಟು ಒಳಕ್ಕೆ ಹೊಡೆದದ್ದು, ಕಲ್ಲು ಒತ್ತಿ ಅಂಗಾಲಿನೊಳಗೆ ರಕ್ತ ಹೆಪ್ಪುಗಟ್ಟಿದ್ದು, ರಸ್ತೆಯಲ್ಲಿ ಚುಚ್ಚಿದ ಮೊಳೆ ಅಥವಾ ಗಾಜು, ಇವೂ ಕಾರಣಗಳೇ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲಿಗೆ ಗೊರಸು ಒಣಗಿ ಸೀಳುತ್ತದೆ. ಮುಂಗಾರು ಬಿದ್ದೊಡನೆ ಅದೇ ಸೀಳುಗಳು ನೀರು ಕುಡಿದು ಮೆತ್ತಗಾಗುತ್ತವೆ. ಜೂನ್, ಜುಲೈ ತಿಂಗಳಲ್ಲಿ ನಾನು ಹೆಚ್ಚು ಎಚ್ಚರವಾಗಿರುವುದು ಅದಕ್ಕೆ.

ಮೊದಲ ಅರ್ಧ ಗಂಟೆ

ಕುಂಟುತ್ತಿರುವ ಪೋನಿಯನ್ನು ನಡೆಸಿ ನೋಡುವ ಆಸೆಯನ್ನು ಬಿಡಬೇಕು. ಮುರಿತವಿದ್ದರೆ ನಾಲ್ಕು ಹೆಜ್ಜೆಯೂ ಹಾನಿ ಮಾಡುತ್ತದೆ. ಇದ್ದಲ್ಲೇ ಇರಲಿ, ಒಬ್ಬರು ತಲೆಯ ಬಳಿ ಹಗ್ಗ ಹಿಡಿದು ನಿಲ್ಲಲಿ. ನೋವಿನಲ್ಲಿರುವ ಸಾಧು ಪ್ರಾಣಿಯೂ ಒದೆಯಬಲ್ಲದು, ಆದ್ದರಿಂದ ಅದರ ಎದುರಿಗೆ ಕುಕ್ಕರುಗಾಲಿನಲ್ಲಿ ಕೂರಬೇಡಿ. ಪಕ್ಕದಲ್ಲಿ ಬಾಗಿ ನಿಂತೇ ಪರೀಕ್ಷಿಸಿ.

ಮೊದಲು ಕಣ್ಣಿನಿಂದ ನೋಡಿ. ಕಾಲು ಸಹಜವಲ್ಲದ ಕೋನದಲ್ಲಿ ತಿರುಗಿದೆಯೇ? ಎಲ್ಲಾದರೂ ಗಾಯವಿದೆಯೇ, ರಕ್ತ ಇಳಿಯುತ್ತಿದೆಯೇ? ಮೊಣಕಾಲಿನ ಕೆಳಗೆ ಹಿಂಬದಿಯ ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ, ಊದಿದೆಯೇ? ಒಂದೇ ಕಾಲಿಗೆ ನೋವೇ, ಎರಡಕ್ಕೂ ಇದೆಯೇ?

ಆಮೇಲೆ ಕೈ. ನಾಲ್ಕೂ ಗೊರಸುಗಳ ಮೇಲೆ ಅಂಗೈ ಇಟ್ಟು ಬಿಸಿಯನ್ನು ಹೋಲಿಸಿ. ಬಿಸಿಲಿನಲ್ಲಿ ನಿಂತ ಕಡೆಯ ಗೊರಸು ಬಿಸಿಯಾಗಿರುತ್ತದೆ, ಆದ್ದರಿಂದ ಇದೊಂದನ್ನೇ ನಂಬಬೇಡಿ. ಇದಕ್ಕಿಂತ ನಂಬಲರ್ಹವಾದದ್ದು ಗೊರಸಿಗೆ ಇಳಿಯುವ ನಾಡಿ. ಗೊರಸಿನ ಮೇಲಿನ ಗಿಣ್ಣಿನ ಹಿಂಬದಿ, ಎರಡೂ ಪಕ್ಕಗಳಲ್ಲಿ ಒಂದು ಹಗ್ಗದಂತೆ ಜಾರುವ ರಕ್ತನಾಳದ ಕಟ್ಟು ಸಿಗುತ್ತದೆ. ಎರಡು ಬೆರಳುಗಳನ್ನು ಅದರ ಮೇಲೆ ಹಗುರವಾಗಿ ಇಟ್ಟು ಅರ್ಧ ನಿಮಿಷ ಕಾಯಿರಿ. ಆರೋಗ್ಯವಂತ ಪೋನಿಯಲ್ಲಿ ಈ ಬಡಿತ ಸಿಗುವುದೇ ಕಷ್ಟ. ಒಳಗೆ ಕೀವಿದ್ದರೆ ಬೆರಳಿಗೆ ಕುಟ್ಟಿದಂತೆ ಬಡಿಯುತ್ತದೆ. ಇದನ್ನು ಕಲಿಯಬೇಕಾದದ್ದು ಪೋನಿ ಚೆನ್ನಾಗಿರುವ ದಿನಗಳಲ್ಲಿ. ವಾರಕ್ಕೊಮ್ಮೆ ನಾಲ್ಕೂ ಕಾಲುಗಳಲ್ಲಿ ಹುಡುಕಿ ಅಭ್ಯಾಸ ಮಾಡಿಕೊಂಡರೆ ಕಷ್ಟದ ಬೆಳಿಗ್ಗೆ ಬೆರಳುಗಳಿಗೆ ವ್ಯತ್ಯಾಸ ತಿಳಿಯುತ್ತದೆ.

ಗುದದ್ವಾರದಲ್ಲಿ ಡಿಜಿಟಲ್ ಥರ್ಮಾಮೀಟರ್ ಇಟ್ಟು ಜ್ವರ ನೋಡಿ. ಹಿಂದೆ ನಿಲ್ಲದೆ ಪಕ್ಕಕ್ಕೆ ಅಂಟಿ ನಿಲ್ಲಿ. ಬೆಳೆದ ಪೋನಿಯ ಸಹಜ ತಾಪಮಾನ ಸುಮಾರು 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್. ವಿಶ್ರಾಂತಿಯಲ್ಲಿ ಹೃದಯ ಬಡಿತ ನಿಮಿಷಕ್ಕೆ ಸುಮಾರು 28ರಿಂದ 44, ಪೋನಿಗಳಲ್ಲಿ ತುಸು ಹೆಚ್ಚಿರಬಹುದು. ಗೊರಸಿನೊಳಗಿನ ಕೀವಿಗೆ ಸಾಮಾನ್ಯವಾಗಿ ಜೋರು ಜ್ವರ ಬರುವುದಿಲ್ಲ, ಆದರೆ ನೋವಿನಿಂದ ಬಡಿತ ಏರುತ್ತದೆ. ಈ ಅಂಕಿಗಳನ್ನು ಒಂದು ಚೀಟಿಯಲ್ಲಿ ಸಮಯದೊಡನೆ ಬರೆದಿಡಿ. ವೈದ್ಯರಿಗೆ ಫೋನಿನಲ್ಲಿ ‘ತುಂಬ ಕುಂಟುತ್ತಿದೆ’ ಎನ್ನುವುದಕ್ಕಿಂತ ಈ ಚೀಟಿ ಓದಿ ಹೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮುರಿತದ ಲಕ್ಷಣ ಇಲ್ಲವೆಂದು ಕಂಡರೆ ಕಾಲನ್ನು ಆದಷ್ಟು ಕೆಳಮಟ್ಟದಲ್ಲೇ ಎತ್ತಿ, ಗೊರಸನ್ನು ಕೆರೆದು, ಬ್ರಷ್ಷಿನಿಂದ ನೀರು ಹಾಕಿ ತೊಳೆಯಿರಿ. ಬಿಳಿ ಗೆರೆಯ ಉದ್ದಕ್ಕೂ ಕಪ್ಪು ಚುಕ್ಕೆ, ಕಪ್ಪು ಸೀಳು, ತೇವ, ದುರ್ವಾಸನೆ ಹುಡುಕಿ. ಒಂದೇ ಬಾರಿಗೆ ಬಹಳ ಹೊತ್ತು ಹಿಡಿಯಬೇಡಿ. ಎದುರು ಬದಿಯ ಕಾಲಿನ ಮೇಲೆ ಬೀಳುವ ಭಾರವನ್ನು ನೆನಪಿಡಿ.

ಮೊಳೆ ಚುಚ್ಚಿಕೊಂಡಿದ್ದರೆ

ಇದನ್ನು ಬೇರೆಯಾಗಿಯೇ ಹೇಳಬೇಕು. ಮೊಳೆಯೋ ಸರಳೋ ಅಂಗಾಲಿನಲ್ಲಿ ಸಿಕ್ಕಿಕೊಂಡಿರುವುದು ಕಂಡರೆ ಕೈ ತಾನಾಗಿಯೇ ಅದನ್ನು ಕೀಳಲು ಹೋಗುತ್ತದೆ. ವೈದ್ಯರು ಬೇಗ ಬರುವಂತಿದ್ದರೆ ಕೀಳಬೇಡಿ. ಮೊಳೆ ಅಲ್ಲೇ ಇದ್ದಾಗ ಎಕ್ಸ್‌ರೇ ತೆಗೆದರೆ ಅದು ಎಷ್ಟು ಆಳಕ್ಕೆ, ಯಾವ ಕಡೆಗೆ ಹೋಗಿದೆಯೆಂದು ಸ್ಪಷ್ಟವಾಗಿ ಕಾಣುತ್ತದೆ. ಕಿತ್ತ ಮೇಲೆ ಗೊರಸಿನ ರಂಧ್ರ ಮುಚ್ಚಿಕೊಂಡು ಜಾಗವೇ ಸಿಗುವುದಿಲ್ಲ. ಮೊಳೆಯ ತಲೆ ನೆಲಕ್ಕೆ ತಾಗದಂತೆ ಅದರ ಎರಡೂ ಪಕ್ಕ ಮರದ ತುಂಡನ್ನು ಟೇಪಿನಿಂದ ಕಟ್ಟಬಹುದು. ಪೋನಿ ಅದರ ಮೇಲೆಯೇ ಕಾಲೂರಿ ಇನ್ನಷ್ಟು ಒಳಗೆ ತಳ್ಳುವುದು ಖಚಿತವಾಗಿದ್ದರೆ ಮಾತ್ರ ನೇರವಾಗಿ ಕೀಳಿ. ಕೀಳುವ ಮೊದಲು ಮೊಬೈಲಿನಲ್ಲಿ ಎರಡು ಮೂರು ಕಡೆಯಿಂದ ಫೋಟೋ ತೆಗೆಯಿರಿ, ಜಾಗವನ್ನು ಮಾರ್ಕರಿನಿಂದ ಸುತ್ತುಹಾಕಿ, ಮೊಳೆಯನ್ನು ಎಸೆಯದೆ ಇಟ್ಟುಕೊಳ್ಳಿ.

ಗೊರಸಿನ ನಡುವೆ ಫ್ರಾಗ್ ಎಂಬ ತ್ರಿಕೋನಾಕಾರದ ಮೆತ್ತನೆಯ ಭಾಗವಿದೆ. ಅದರಲ್ಲೋ ಅದರ ಪಕ್ಕದ ತೋಡುಗಳಲ್ಲೋ ಮೊಳೆ ಹೋಗಿದ್ದರೆ, ಹೊರಗೆ ಸಣ್ಣ ಚುಕ್ಕೆಯಷ್ಟೇ ಕಂಡರೂ ಅದು ತುರ್ತು. ಅದರ ಮೇಲ್ಗಡೆಯೇ ಮುಖ್ಯ ಸ್ನಾಯುರಜ್ಜು, ನ್ಯಾವಿಕ್ಯುಲರ್ ಎಂಬ ಚಿಕ್ಕ ಮೂಳೆಯ ಪಕ್ಕದ ದ್ರವದ ಚೀಲ, ಗೊರಸಿನೊಳಗಿನ ಕೀಲು ಇವೆ. ಅಲ್ಲಿ ಸೋಂಕು ತಗುಲಿದರೆ ನೀರಿನಲ್ಲಿ ನೆನೆಸಿ ಪಟ್ಟಿ ಕಟ್ಟಿ ಗುಣಪಡಿಸಲಾಗದು. ಒಂದು ದಿನವೂ ಕಾಯದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು.

ಕೀವಲ್ಲದಿದ್ದರೆ ಮತ್ತೇನು

ಇದ್ದಕ್ಕಿದ್ದಂತೆ ಬರುವ ತೀವ್ರ ಕುಂಟುವಿಕೆಗೆ ಅತಿ ಸಾಮಾನ್ಯ ಕಾರಣ ಗೊರಸಿನ ಕೀವು. ಆದರೂ ಮಿಕ್ಕವುಗಳನ್ನು ಮರೆತು ಕೂರಬಾರದು. ಎರಡೂ ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ವಾಲಿ ನಿಂತಿದ್ದರೆ, ಎರಡರಲ್ಲೂ ನಾಡಿ ಕುಟ್ಟುತ್ತಿದ್ದರೆ ಅದು ಲ್ಯಾಮಿನೈಟಿಸ್, ಅಂದರೆ ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರಗಳ ಉರಿಯೂತ, ಇರಬಹುದು. ಧಾನ್ಯ ಹೆಚ್ಚು ತಿಂದ, ಕೊಬ್ಬಿದ ಪೋನಿಗಳಿಗೆ ಅದು ಬೇಗ ಬರುತ್ತದೆ, ಚಿಕಿತ್ಸೆಯೂ ಬೇರೆ. ಕಾಲು ಮೇಲಿನವರೆಗೂ ಊದಿ ಜ್ವರವಿದ್ದರೆ ಚರ್ಮದಡಿಯ ಸೋಂಕು. ಕೀಲಿನ ಹತ್ತಿರ ಗಾಯವಿದ್ದು ಅಂಟಂಟಾದ ಹಳದಿ ದ್ರವ ಬರುತ್ತಿದ್ದರೆ ಕೀಲೇ ತೆರೆದಿರಬಹುದು. ಮರಿಯೊಂದು ಇದ್ದಕ್ಕಿದ್ದಂತೆ ಕುಂಟಿದರೆ ‘ತಾಯಿ ತುಳಿದಿರಬೇಕು’ ಎಂದು ಸುಮ್ಮನಾಗಬೇಡಿ, ಕೀಲಿನೊಳಗಿನ ಸೋಂಕೆಂದೇ ಭಾವಿಸಿ ಅದೇ ಗಂಟೆಯಲ್ಲಿ ವೈದ್ಯರನ್ನು ಕರೆಯಿರಿ.

ವೈದ್ಯರನ್ನು ಯಾವಾಗ ಕರೆಯಬೇಕೆಂದು ಹಲವರು ಕೇಳುತ್ತಾರೆ. ಪೋನಿ ಕಾಲೂರುತ್ತಿಲ್ಲವೆಂದರೆ ಆ ದಿನವೇ. ಕರ್ನಾಟಕದಲ್ಲಿ ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬಹುದು. ಎಕ್ಸ್‌ರೇ, ಶಸ್ತ್ರಚಿಕಿತ್ಸೆ ಬೇಕಾದಾಗ ಬೆಂಗಳೂರಿನ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿರುವ ಪಶುವೈದ್ಯಕೀಯ ಕಾಲೇಜುಗಳನ್ನು ವಿಚಾರಿಸಬಹುದು. ದನ, ಕುರಿಗಳನ್ನೇ ಹೆಚ್ಚು ನೋಡುವ ವೈದ್ಯರು ಬಂದರೂ ಹಿಂಜರಿಯಬೇಡಿ. ಲಾಳ ಕಟ್ಟುವ ಅನುಭವಿ ನಾಲ್‌ಬಂದರನ್ನು ಅದೇ ಹೊತ್ತಿಗೆ ಕರೆಸಿ ಇಬ್ಬರನ್ನೂ ಗೊರಸಿನ ಮುಂದೆ ನಿಲ್ಲಿಸುವುದು ನಾನು ಕಂಡ ಅತ್ಯುತ್ತಮ ಏರ್ಪಾಡು. ಒಬ್ಬರಿಗೆ ರೋಗ ಗೊತ್ತು, ಇನ್ನೊಬ್ಬರ ಕೈಗೆ ಗೊರಸು ಗೊತ್ತು.

ಕೀವಿಗೆ ದಾರಿ ಮಾಡುವುದು

ಇದು ಚಿಕಿತ್ಸೆಯ ಹೃದಯ. ಕೀವು ಹೊರಗೆ ಬರಬೇಕು, ಉಳಿದದ್ದೆಲ್ಲ ಅದಕ್ಕೆ ಸಹಾಯಕ.

ಲಾಳವಿದ್ದರೆ ಮೊದಲು ಅದು ಹೋಗಬೇಕು. ಇತ್ತೀಚೆಗೆ ಲಾಳ ಕಟ್ಟಿಸಿದ್ದರೆ ಮೊಳೆಗಳನ್ನು ಒಟ್ಟಿಗೆ ಕಿತ್ತು ಹಾಕಲು ಬಿಡಬೇಡಿ. ಮಡಚಿದ ತುದಿಗಳನ್ನು ಬಿಡಿಸಿ ಒಂದೊಂದಾಗಿ ಎಳೆಯಲು ಹೇಳಿ, ಪ್ರತಿ ಮೊಳೆಯನ್ನೂ ನೋಡಿ, ಮೂಸಿ. ಒದ್ದೆಯಾಗಿ, ಕಪ್ಪಾಗಿ, ವಾಸನೆ ಬರುವ ಮೊಳೆಯೊಂದು ಸಿಕ್ಕಿದರೆ ಅದರ ರಂಧ್ರವೇ ದಾರಿ. ಲಾಳ ಕಟ್ಟಿದ ಮರುದಿನವೇ ಕುಂಟಬೇಕೆಂದಿಲ್ಲ, ವಾರ ಕಳೆದ ಮೇಲೂ ಕೀವು ಕಾಣಿಸಿಕೊಳ್ಳಬಹುದು. ಹಾಗಾದಾಗ ನಾಲ್‌ಬಂದರ ಮೇಲೆ ಕೂಗಾಡುವವರನ್ನು ನೋಡಿದ್ದೇನೆ. ತೆಳು ಗೋಡೆಯ ಸಣ್ಣ ಗೊರಸಿನಲ್ಲಿ ಮೊಳೆ ಹೊಡೆಯುವುದು ಕೂದಲೆಳೆಯ ಲೆಕ್ಕ. ಒಳ್ಳೆಯ ಕೈಗೂ ಒಮ್ಮೊಮ್ಮೆ ತಪ್ಪುತ್ತದೆ.

ನಂತರ ಗೊರಸನ್ನು ಒತ್ತಿ ನೋಡುವ ಇಕ್ಕಳದಿಂದ ಅಂಗಾಲಿನ ಸುತ್ತಲೂ ಬೆರಳಗಲ ಬಿಟ್ಟು ಬಿಟ್ಟು ಒತ್ತುತ್ತಾರೆ. ಒಂದು ಜಾಗದಲ್ಲಿ ಪೋನಿ ಕಾಲನ್ನು ಝಾಡಿಸಿ ಎಳೆದುಕೊಳ್ಳುತ್ತದೆ. ಅದೇ ಜಾಗವನ್ನು ಮತ್ತೊಮ್ಮೆ ಒತ್ತಿ ಖಚಿತಪಡಿಸಿಕೊಂಡು, ಅಲ್ಲಿ ತೆಳ್ಳಗೆ ಕೆತ್ತುತ್ತ ಹೋದರೆ ಕಪ್ಪು ಚುಕ್ಕೆಯೊಂದು ಕಾಣುತ್ತದೆ. ಚುಕ್ಕೆಯ ಹಿಂದೆಯೇ ಸಣ್ಣ ಗೊರಸು ಚಾಕು ಹೋಗುತ್ತದೆ. ಕೀವಿನ ಚೀಲ ತೆರೆದಾಗ ಬೂದು ಅಥವಾ ಕಪ್ಪು ಬಣ್ಣದ ತೆಳು ದ್ರವ ಚಿಮ್ಮಿ ಬರುತ್ತದೆ, ವಾಸನೆ ಸಹಿಸಲಸಾಧ್ಯ. ಎಷ್ಟೋ ಬಾರಿ ಆ ಕ್ಷಣದಲ್ಲೇ ಪೋನಿ ದೀರ್ಘವಾಗಿ ಉಸಿರು ಬಿಟ್ಟು ತಲೆ ಇಳಿಸುತ್ತದೆ. ಗೌರಿಗೆ ಎರಡನೆಯ ಸಲ ಹೀಗಾದಾಗ ನಾನು ಅವಳ ತಲೆಯ ಬಳಿಯೇ ನಿಂತಿದ್ದೆ, ಅವಳ ದವಡೆ ಸಡಿಲವಾದದ್ದು ನನ್ನ ಕೈಗೆ ತಿಳಿಯಿತು.

ರಂಧ್ರ ಕೀವು ಇಳಿಯುವಷ್ಟಿದ್ದರೆ ಸಾಕು. ಅಂಗಾಲಿನಲ್ಲಿ ದೊಡ್ಡ ಹಳ್ಳ ತೋಡಿದರೆ ಒಳಗಿನ ಜೀವಂತ ಮಾಂಸ ಹೊರಗೆ ಉಬ್ಬಿ ಬರುತ್ತದೆ, ಗುಣವಾಗಲು ದಿನಗಳ ಬದಲು ತಿಂಗಳು ಹಿಡಿಯುತ್ತದೆ. ರಕ್ತ ಬಂತೆಂದರೆ ಅಲ್ಲಿಗೆ ನಿಲ್ಲಿಸಬೇಕು. ದಾರಿ ಸಿಗದಿದ್ದರೆ ಹುಡುಕಾಟ ಬಿಟ್ಟು, ಒಂದೆರಡು ದಿನ ನೆನೆಸಿ ಪಟ್ಟಿ ಕಟ್ಟಿ ಗೊರಸನ್ನು ಮೆತ್ತಗೆ ಮಾಡಿ ಮತ್ತೆ ನೋಡುವುದೇ ಜಾಣತನ. ಚಾಕು ಹಿಡಿಯುವ ತರಬೇತಿ ಇಲ್ಲದವರು ಈ ಹಂತವನ್ನು ತಾವೇ ಮಾಡಲು ಹೋಗಬಾರದು. ನಾನು ಇಷ್ಟು ವರ್ಷಗಳಾದರೂ ಮಾಡುವುದಿಲ್ಲ.

ನೆನೆಸುವುದು

ಇಲ್ಲಿಂದ ಮುಂದಿನ ಕೆಲಸ ಪೋನಿ ಸಾಕಿದವರದು. ಕಟ್ಟಡದ ಕೆಲಸಕ್ಕೆ ಬಳಸುವ ರಬ್ಬರ್ ಬಾಂಡ್ಲಿ ಇದಕ್ಕೆ ಹೇಳಿ ಮಾಡಿಸಿದಂತಿದೆ: ತಗ್ಗು, ಅಗಲ, ಸದ್ದಾಗುವುದಿಲ್ಲ, ತುಳಿದರೂ ಒಡೆಯುವುದಿಲ್ಲ. ಕಬ್ಬಿಣದ ಬಕೆಟ್ಟಿನ ಹಿಡಿಕೆಗೆ ಕಾಲು ಸಿಕ್ಕಿಸಿಕೊಂಡು ಓಡಿದ ಪೋನಿಯನ್ನು ನೋಡಿದ ಮೇಲೆ ನಾನು ಬಕೆಟ್ ಬಿಟ್ಟೆ. ಮೊದಲು ಖಾಲಿ ಬಾಂಡ್ಲಿಯಲ್ಲಿ ಕಾಲಿಡಿಸಿ, ಅದು ಒಪ್ಪಿಕೊಂಡ ಮೇಲೆ ಪಕ್ಕದಿಂದ ನಿಧಾನವಾಗಿ ನೀರು ಸುರಿಯಿರಿ.

ನೀರು ನಿಮ್ಮ ಮೊಣಕೈಯ ಒಳಬದಿ ಹಾಯಾಗಿ ತಡೆದುಕೊಳ್ಳುವಷ್ಟು ಬಿಸಿ ಇರಬೇಕು. ಅದಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಎಪ್ಸಮ್ ಲವಣವನ್ನು, ಅಂದರೆ ಮೆಗ್ನೀಸಿಯಮ್ ಸಲ್ಫೇಟನ್ನು, ಹಲವು ಹಿಡಿ ಹಾಕಿ ಕದಡಿ. ಕರಗುವುದು ನಿಲ್ಲುವವರೆಗೆ ಹಾಕಬಹುದು. ಗಾಯಕ್ಕೆ ಹಚ್ಚುವ ರೋಗಾಣುನಾಶಕ ಪೊವಿಡೋನ್ ಅಯೋಡಿನ್ ಸ್ವಲ್ಪ ಸೇರಿಸಿದರೆ ಒಳ್ಳೆಯದು. ನೀರು ಕೂದಲಿನ ಅಂಚಿನವರೆಗೆ ಬರಲಿ. ಹದಿನೈದು ಇಪ್ಪತ್ತು ನಿಮಿಷ, ದಿನಕ್ಕೆ ಒಂದೆರಡು ಬಾರಿ, ಎರಡು ಮೂರು ದಿನ ಮಾತ್ರ. ಹೆಚ್ಚು ನೆನೆಸಿದಷ್ಟೂ ಒಳ್ಳೆಯದೆಂಬುದು ತಪ್ಪು. ವಾರಗಟ್ಟಲೆ ನೀರಿನಲ್ಲಿಟ್ಟ ಗೊರಸು ಒದ್ದೆ ರಟ್ಟಿನಂತಾಗಿ ಹೊಸ ರೋಗಾಣುಗಳನ್ನು ತಾನೇ ಕರೆಯುತ್ತದೆ.

ಪಟ್ಟಿ ಕಟ್ಟುವುದು

ಮೊದಲೇ ಎಲ್ಲವನ್ನೂ ಒಂದು ತಟ್ಟೆಯಲ್ಲಿ ಜೋಡಿಸಿಕೊಳ್ಳಿ. ಹತ್ತಿ, ಪೊವಿಡೋನ್ ಅಯೋಡಿನ್, ಎಪ್ಸಮ್ ಲವಣ, ಮಕ್ಕಳ ಡೈಪರ್, ಬ್ಯಾಂಡೇಜ್ ಬಟ್ಟೆ, ಅಗಲವಾದ ಬಟ್ಟೆಯ ಟೇಪ್, ಕತ್ತರಿ. ಟೇಪಿನ ಹತ್ತು ಹನ್ನೆರಡು ತುಂಡುಗಳನ್ನು ಅಂಗೈಗಿಂತ ತುಸು ಉದ್ದವಾಗಿ ಕತ್ತರಿಸಿ, ಲಾಯದ ಗೋಡೆಯ ಮೇಲೆ ಅಡ್ಡ ಉದ್ದ ಅಂಟಿಸಿ ಒಂದು ಚೌಕ ಮಾಡಿಟ್ಟುಕೊಂಡರೆ ಕೊನೆಯ ಹಂತ ಒಂದೇ ಹಿಡಿತದಲ್ಲಿ ಮುಗಿಯುತ್ತದೆ. ಕಾಲು ಎತ್ತಿದ ಮೇಲೆ ಟೇಪ್ ಹುಡುಕುವುದು ಯಾರಿಗೂ ಹಿತವಲ್ಲ.

ಗೊರಸನ್ನು ಒಣಗಿದ ಬಟ್ಟೆಯಿಂದ ಒರೆಸಿ. ಕೀವು ಇನ್ನೂ ಇಳಿಯುತ್ತಿರುವ ದಿನಗಳಲ್ಲಿ ಎಪ್ಸಮ್ ಲವಣಕ್ಕೆ ಸ್ವಲ್ಪ ಬಿಸಿನೀರು ಬೆರೆಸಿದ ಗಟ್ಟಿ ಮುದ್ದೆಯನ್ನು ಅಂಗಾಲಿಗೆ ಮೆತ್ತಿ. ಗೋಧಿ ಬೂಸಾವನ್ನು ಬಿಸಿನೀರಿನಲ್ಲಿ ಕಲಸಿ ಲವಣ ಸೇರಿಸಿದರೆ ಅಂಟಿಕೊಂಡು ನಿಲ್ಲುತ್ತದೆ, ಬಿಸಿಯೂ ಹೆಚ್ಚು ಹೊತ್ತು ಉಳಿಯುತ್ತದೆ. ರಂಧ್ರದೊಳಗೆ ಹತ್ತಿಯನ್ನು ತುರುಕಿ ಮುಚ್ಚಿಬಿಡಬೇಡಿ. ಕೀವಿಗೆ ದಾರಿ ಬೇಕಲ್ಲ. ಮೇಲೆ ಡೈಪರನ್ನು ಅಂಗಾಲಿನಿಂದ ಮೇಲಕ್ಕೆ ಮಡಚಿ ಅದರ ಅಂಟುಪಟ್ಟಿಗಳಿಂದ ಬಿಗಿಯಿರಿ, ಬ್ಯಾಂಡೇಜನ್ನು ಎಂಟರ ಆಕಾರದಲ್ಲಿ ಸುತ್ತಿ, ಕೊನೆಗೆ ಟೇಪಿನ ಚೌಕವನ್ನು ಅಡಿಗೆ ಹಿಡಿದು ಅಂಚುಗಳನ್ನು ಗೊರಸಿನ ಗೋಡೆಗೆ ಅಂಟಿಸಿ ಸುತ್ತಲೂ ಇನ್ನೊಂದು ಸುತ್ತು ಹಾಕಿ.

ಟೇಪು ಗೊರಸಿನ ಗಟ್ಟಿ ಗೋಡೆಯ ಮೇಲಷ್ಟೇ ಇರಬೇಕು. ಕೂದಲಿನ ಅಂಚಿನ ಮೇಲೆ ಬಿಗಿಯಾಗಿ ಹೋದರೆ ರಕ್ತ ಸಂಚಾರ ಕಟ್ಟಿ, ಗೊರಸು ಹುಟ್ಟುವ ಪಟ್ಟಿಯೇ ಹುಣ್ಣಾಗುತ್ತದೆ. ಮಳೆಗಾಲದಲ್ಲಿ ಲಾರಿ ಟಯರಿನ ಹಳೆಯ ಟ್ಯೂಬಿನ ತುಂಡನ್ನು ಹೊರಗಿನಿಂದ ಚೀಲದಂತೆ ಸಡಿಲವಾಗಿ ಹಾಕಿದರೆ ಪಟ್ಟಿ ಒಣಗಿರುತ್ತದೆ. ಪಟ್ಟಿಯನ್ನು ದಿನಕ್ಕೊಮ್ಮೆ ಬದಲಿಸಿ, ಮೊದಲ ಎರಡು ದಿನ ಎರಡು ಬಾರಿ. ಬಿಚ್ಚಿದಾಗಲೆಲ್ಲ ಕೀವಿನ ಪ್ರಮಾಣ, ಬಣ್ಣ, ವಾಸನೆಯನ್ನು ಗಮನಿಸಿ ಬರೆಯಿರಿ.

ಕೀವು ನಿಂತ ಮೇಲೆ ಮೆದುಗೊಳಿಸುವುದನ್ನು ಬಿಟ್ಟು ಒಣಗಿಸುವತ್ತ ತಿರುಗಬೇಕು. ಸಕ್ಕರೆಗೆ ಪೊವಿಡೋನ್ ಅಯೋಡಿನ್ ಬೆರೆಸಿ ಜೇನಿನ ಹದದ ಲೇಪ ಮಾಡಿ ರಂಧ್ರಕ್ಕೆ ಹಚ್ಚಿ, ಮೇಲೆ ಒಣ ಹತ್ತಿ ಇಟ್ಟು ಕಟ್ಟಿ. ರಂಧ್ರದ ತಳ ಗಟ್ಟಿಯಾಗಿ ಒಣಗುವವರೆಗೂ ಹೀಗೆ ಮುಂದುವರಿಸಿ.

ಸಗಣಿ ಮೆತ್ತುವುದು, ಸೀಮೆಎಣ್ಣೆ ಸುರಿಯುವುದು, ಕಾದ ಎಣ್ಣೆ ಬಿಡುವುದು, ಭುಜಕ್ಕೆ ಬರೆ ಹಾಕುವುದು ಇನ್ನೂ ಕೆಲವೆಡೆ ನಡೆದಿದೆ. ಕಾದ ಎಣ್ಣೆ ಜೀವಂತ ಮಾಂಸವನ್ನು ಸುಡುತ್ತದೆ. ಬರೆಯಿಂದ ಒಂದು ಹನಿ ಕೀವೂ ಹೊರಬರುವುದಿಲ್ಲ. ಸಗಣಿ, ಲದ್ದಿಗಳಲ್ಲಿ ಧನುರ್ವಾಯುವಿನ ಬೀಜಾಣುಗಳಿರುತ್ತವೆ, ಗಾಳಿಯಾಡದ ಆಳವಾದ ರಂಧ್ರವೆಂದರೆ ಅವಕ್ಕೆ ಬೇಕಾದ ಮನೆಯೇ ಸರಿ.

ಧನುರ್ವಾಯುವಿನ ಲಸಿಕೆ

ಕುದುರೆ ಜಾತಿಯಷ್ಟು ಸುಲಭವಾಗಿ ಧನುರ್ವಾಯುವಿಗೆ ತುತ್ತಾಗುವ ಸಾಕುಪ್ರಾಣಿ ಇನ್ನೊಂದಿಲ್ಲ. ಗೊರಸಿನ ಕೀವಿನಿಂದ ಪೋನಿ ಸಾಯುವುದು ಅಪರೂಪ. ಅದರ ಹಿಂದೆ ಬರುವ ಧನುರ್ವಾಯುವಿನಿಂದ ಸಾಯುತ್ತದೆ. ಮೊದಲು ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು ಲಸಿಕೆ, ಆಮೇಲೆ ವರ್ಷಕ್ಕೊಂದು ಎಂಬುದು ಸಾಮಾನ್ಯ ಕ್ರಮ. ಲಸಿಕೆ ಹಾಕಿಸಿ ಆರು ತಿಂಗಳು ದಾಟಿದ್ದರೆ ಗಾಯವಾದಾಗ ಇನ್ನೊಂದು ಕೊಡಿಸುವುದು ರೂಢಿ. ಹಾಕಿಸಿದ ನೆನಪೇ ಇಲ್ಲದಿದ್ದರೆ ಲಸಿಕೆಯ ಜೊತೆಗೆ ತಕ್ಷಣ ರಕ್ಷಣೆ ಕೊಡುವ ಆಂಟಿಟಾಕ್ಸಿನ್ ಬೇಕೇ ಎಂದು ವೈದ್ಯರನ್ನು ಕೇಳಿ. ಕಣ್ಣಿನ ಒಳಮೂಲೆಯ ಪೊರೆ ಕಣ್ಣಿನ ಮೇಲೆ ಸರಿಯುವುದು, ಕಿವಿ ಮತ್ತು ಬಾಲ ಸೆಟೆಯುವುದು, ನಾಲ್ಕು ಕಾಲುಗಳನ್ನು ಅಗಲಿಸಿ ಮರದ ಕುದುರೆಯಂತೆ ನಿಲ್ಲುವುದು, ದವಡೆ ಬಿಗಿಯುವುದು ಇದರ ಲಕ್ಷಣಗಳು. ಗಾಯವಾಗಿ ಒಂದೆರಡು ವಾರ ಕಳೆದ ಮೇಲೂ ಇವು ಕಾಣಿಸಬಹುದು.

ನೋವಿನ ಮದ್ದು, ಆಂಟಿಬಯಾಟಿಕ್

ದಾರಿ ತೆರೆದು ಕೀವು ಇಳಿದ ಸರಳ ಪ್ರಕರಣಕ್ಕೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಮುಚ್ಚಿದ ಕೀವಿನೊಳಗೆ ಔಷಧಿ ಸರಿಯಾಗಿ ತಲುಪುವುದೂ ಇಲ್ಲ. ಜ್ವರ, ಮೇಲೇರುವ ಊತ, ಕೀಲು ಅಥವಾ ಮೂಳೆಯ ಸೋಂಕು ಇದ್ದಾಗ ವೈದ್ಯರು ಕೊಡುತ್ತಾರೆ. ನೋವಿನ ಮದ್ದಿನ ಮಾತು ಬೇರೆ, ಪ್ರಾಣಿಯನ್ನು ನೋವಿನಲ್ಲಿ ಬಿಡಬಾರದು. ಆದರೆ ಕುದುರೆಗಳಿಗೆ ಕೊಡುವ ಫಿನೈಲ್‌ಬ್ಯೂಟಜೋನ್, ಫ್ಲುನಿಕ್ಸಿನ್ ಮುಂತಾದವು ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತವೆ; ಪೋನಿಗಳಿಗೆ ಈ ಅಪಾಯ ಇನ್ನೂ ಹೆಚ್ಚು. ತೂಕವನ್ನು ಅಂದಾಜಿಸಿ ಪ್ರಮಾಣ ನಿರ್ಧರಿಸುವ ಕೆಲಸ ವೈದ್ಯರದು. ಮನೆಯಲ್ಲಿ ಉಳಿದ ಮನುಷ್ಯರ ನೋವಿನ ಚುಚ್ಚುಮದ್ದನ್ನು ಕೊಡಲೇಬೇಡಿ. ಅಂಥದೇ ಒಂದು ನೋವಿನ ಮದ್ದಾದ ಡೈಕ್ಲೋಫೆನಾಕನ್ನು ಪ್ರಾಣಿಗಳಿಗೆ ಬಳಸುವುದನ್ನು 2006ರಲ್ಲೇ ನಿಷೇಧಿಸಲಾಗಿದೆ, ಏಕೆಂದರೆ ಅದನ್ನು ಪಡೆದ ಪ್ರಾಣಿಯ ಹೆಣ ತಿಂದ ರಣಹದ್ದುಗಳು ಸಾಯುತ್ತವೆ. ನಮ್ಮ ರಾಮನಗರದ ಬೆಟ್ಟದಲ್ಲಿ ಉಳಿದಿರುವ ಕೆಲವೇ ರಣಹದ್ದುಗಳ ಬದುಕು ಇಂಥ ಬಾಟಲಿಗಳ ಮೇಲೂ ನಿಂತಿದೆ.

ನೋವಿನ ಮದ್ದು ಕೊಟ್ಟು, ಕುಂಟು ಕಡಿಮೆಯಾಯಿತೆಂದು ಗಾಡಿಗೆ ಕಟ್ಟುವುದು ಮಾತ್ರ ಕ್ರೌರ್ಯ. ಒಂದು ದಿನ ಗಾಡಿ ನಿಂತರೆ ಅಂದಿನ ದುಡಿಮೆ ಇಲ್ಲವೆಂಬುದು ನನಗೆ ಚೆನ್ನಾಗಿ ಗೊತ್ತು, ದಸರೆಯ ಹೊತ್ತಿಗಂತೂ ಒಂದೊಂದು ದಿನವೂ ಬಂಗಾರ. ಆದರೂ ಈಗ ಹತ್ತು ಹದಿನೈದು ದಿನ ಬಿಟ್ಟರೆ ಪೋನಿ ಉಳಿಯುತ್ತದೆ. ಬಿಡದಿದ್ದರೆ ಸೋಂಕು ಮೂಳೆಗೆ ಇಳಿದು ತಿಂಗಳುಗಳೇ ಹೋಗಬಹುದು.

ಆ ದಿನಗಳ ಆರೈಕೆ

ಒಣಗಿದ, ದಪ್ಪ ಹಾಸು ಹಾಕಿ. ಮಲಗಿದರೆ ಗೊರಸಿನ ಭಾರ ಇಳಿಯುತ್ತದೆ, ಆದ್ದರಿಂದ ಮಲಗಲು ಮನಸ್ಸಾಗುವಂತೆ ಮಾಡಿ. ಕೆಲಸವಿಲ್ಲದ ಪೋನಿಗೆ ಹುರುಳಿ, ಧಾನ್ಯ ಕಡಿಮೆ ಮಾಡಿ, ಒಣಹುಲ್ಲು ಮತ್ತು ಶುದ್ಧ ನೀರು ಯಾವಾಗಲೂ ಎಟುಕುವಂತಿರಲಿ. ಬೆಳಿಗ್ಗೆ ಸಂಜೆ ಎದುರು ಕಾಲಿನ ಗೊರಸಿನ ನಾಡಿಯನ್ನೂ ನೋಡಿ. ಬಹಳ ದಿನ ಎರಡು ಕಾಲಿನ ಭಾರವನ್ನು ಒಂದೇ ಕಾಲು ಹೊತ್ತರೆ ಆ ಗೊರಸಿಗೆ ಲ್ಯಾಮಿನೈಟಿಸ್ ಬರಬಹುದು.

ಕೀವು ಇಳಿದ ಮೇಲೆ ಒಂದೆರಡು ದಿನಗಳಲ್ಲಿ ಸ್ಪಷ್ಟವಾದ ಸುಧಾರಣೆ ಕಾಣಬೇಕು. ಎರಡು ಮೂರು ದಿನವಾದರೂ ಹಾಗೆಯೇ ಇದ್ದರೆ, ಸುಧಾರಿಸಿ ಮತ್ತೆ ಕುಂಟಿದರೆ, ಜ್ವರ ಬಂದರೆ ಎಕ್ಸ್‌ರೇ ಮಾಡಿಸಿ. ಇನ್ನೊಂದು ಚೀಲ ಉಳಿದಿರಬಹುದು, ಒಳಗಿನ ಮೂಳೆಗೆ ಸೋಂಕು ತಗುಲಿರಬಹುದು. ಅದೇ ಜಾಗದಲ್ಲಿ ಮತ್ತೆ ಮತ್ತೆ ಕೀವಾದರೆ ಗೊರಸಿನೊಳಗೆ ಕೆರಟೋಮಾ ಎಂಬ ಗಂಟು ಬೆಳೆದಿರುವ ಸಾಧ್ಯತೆಯಿದೆ. ಹದಿನೈದು ವರ್ಷ ದಾಟಿದ, ಬೇಸಿಗೆಯಲ್ಲೂ ಉದ್ದ ಕೂದಲು ಉದುರದ ಪೋನಿಗೆ ಪದೇ ಪದೇ ಹೀಗಾದರೆ ಕುಶಿಂಗ್ ಎಂಬ ಹಾರ್ಮೋನಿನ ಕಾಯಿಲೆಗೆ ಪರೀಕ್ಷೆ ಮಾಡಿಸಿ.

ಕೆಲಸಕ್ಕೆ ಮರಳಿಸುವುದನ್ನು ರಂಧ್ರ ಒಣಗಿ, ಪಟ್ಟಿಯಿಲ್ಲದೆ ಗಟ್ಟಿ ನೆಲದ ಮೇಲೆ ಸಮವಾಗಿ ನಡೆಯುವವರೆಗೂ ಮುಂದೂಡಿ. ಲಾಳ ಕಟ್ಟುವಾಗ ರಂಧ್ರದ ಮೇಲೆ ಅಯೋಡಿನ್ ಹತ್ತಿ ಇಟ್ಟು ಚರ್ಮದ ಪಟ್ಟಿ ಹಾಕಿಸಿದರೆ ಹರಳು ಸೇರುವುದಿಲ್ಲ. ಮೊದಲ ವಾರ ಖಾಲಿ ಗಾಡಿ, ಸ್ವಲ್ಪ ದೂರ.

ಮತ್ತೆ ಬರದಂತೆ

ಇದರಲ್ಲಿ ಗುಟ್ಟೇನೂ ಇಲ್ಲ. ದಿನವೂ ಎರಡು ಹೊತ್ತು ಗೊರಸು ಕೆರೆಯುವುದು, ನಾಲ್ಕರಿಂದ ಆರು ವಾರಕ್ಕೊಮ್ಮೆ ಕೆತ್ತಿಸುವುದು, ಲಾಯದಲ್ಲಿ ಮೂತ್ರ ನಿಲ್ಲದಂತೆ ಇಳಿಜಾರು ಮಾಡುವುದು. ಮನೆ ಕಟ್ಟುತ್ತಿರುವ ಬೀದಿಗಳಲ್ಲಿ ಮೊಳೆ, ತಂತಿ ಇರುತ್ತವೆ. ನಾನು ಹಗ್ಗಕ್ಕೆ ಕಟ್ಟಿದ ಅಯಸ್ಕಾಂತವೊಂದನ್ನು ಲಾಯದ ಮುಂದೆ ವಾರಕ್ಕೊಮ್ಮೆ ಎಳೆಯುತ್ತೇನೆ, ಬರಿಗೈಯಲ್ಲಿ ಬಂದ ವಾರವೇ ಇಲ್ಲ.

ಗೌರಿಯ ಮೊದಲ ಕೀವು ಒಡೆದ ಕಡೆ, ಗೊರಸಿನ ಪಕ್ಕದಲ್ಲಿ, ಕೂದಲಿನ ಅಂಚಿನಡಿ ಅಡ್ಡವಾದ ಒಂದು ಸೀಳು ಉಳಿದಿತ್ತು. ಗೊರಸು ತಿಂಗಳಿಗೆ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಪ್ರತಿ ಬಾರಿ ಕೆತ್ತಿಸುವಾಗ ಆ ಸೀಳು ಎಷ್ಟು ಇಳಿದಿದೆಯೆಂದು ಬೆರಳಿನಿಂದ ಅಳೆಯುತ್ತಿದ್ದೆ. ಏಳನೆಯ ತಿಂಗಳಿಗೆ ಅದು ನೆಲ ಮುಟ್ಟಿತು. ನಾಲ್‌ಬಂದರು ಆ ಚೂರನ್ನು ಇಕ್ಕಳದಿಂದ ಕತ್ತರಿಸಿ ನನ್ನ ಅಂಗೈಗೆ ಹಾಕಿದರು.